ಪುಸ್ತಕದಲ್ಲಿ ‘ಆಪ್ಷನಲ್’ ಎಂದು ಬರೆದ ಫ್ಲೂ ಲಸಿಕೆ: ಡಾಕ್ಟರ ಒಂದು ಮಾತಿಗೆ ಎಷ್ಟು ತೂಕ?

ಪ್ರಶ್ನೆ: ನಮ್ಮದು ದಾವಣಗೆರೆ. ಮಗುವಿಗೆ ಈಗ ಏಳೂವರೆ ತಿಂಗಳು. ಸರ್ಕಾರಿ ಆಸ್ಪತ್ರೆಯ ಸೂಜಿಗಳೆಲ್ಲ ತಾಯಿ ಕಾರ್ಡ್ ಪ್ರಕಾರ ಆಗಿವೆ. ನೆಗಡಿಗೆಂದು ತೋರಿಸಲು ಹೋದಾಗ ಮಕ್ಕಳ ಡಾಕ್ಟರು ಪುಸ್ತಕದಲ್ಲಿ ‘ಫ್ಲೂ – ಆಪ್ಷನಲ್’ ಎಂದು ಬರೆದು, ಬೇಕಾದ್ರೆ ಆರಾಮಾದ ಮೇಲೆ ಬಂದು ಹಾಕಿಸಿ ಅಂದರು. ಬೆಂಗಳೂರಿನಲ್ಲಿರುವ ಅಕ್ಕನ ಮಗುವಿಗೆ ಅಲ್ಲಿಯ ಡಾಕ್ಟರು ಆರು ತಿಂಗಳಿಗೇ ಹಾಕಿಬಿಟ್ಟಿದ್ದಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ‘ನಮ್ಮ ಲಿಸ್ಟಲ್ಲಿ ಅದಿಲ್ಲ’ ಅಂತಾರೆ. ಇದೆಲ್ಲ ದುಡ್ಡು ಮಾಡೋ ದಾರಿ ಅಂತ ನಮ್ಮ ಮನೆಯವರು. ನೆಗಡಿಗೆ ಯಾರಾದ್ರೂ ಸೂಜಿ ಹಾಕಿಸ್ತಾರಾ ಅಂತ ಅತ್ತೆ. ಒಂದೇ ಲಸಿಕೆಗೆ ಇಬ್ಬರು ಡಾಕ್ಟರು ಎರಡು ಥರ ಹೇಳೋದು ಯಾಕೆ? ಯಾರ ಮಾತು ಕೇಳಬೇಕು?

ಉತ್ತರ: ಮೊದಲು ನಿಮ್ಮ ಮಗುವಿನ ವಿಷಯ. ಹಾಕಿಸಿ. ಎರಡು ಡೋಸ್, ಎರಡರ ನಡುವೆ ಕನಿಷ್ಠ 28 ದಿನ. ಮಳೆಗಾಲ ಜೋರು ಹಿಡಿಯುವ ಮೊದಲೇ ಎರಡೂ ಮುಗಿದರೆ ಒಳ್ಳೆಯದು. ಮಳೆ ಆಗಲೇ ಶುರುವಾಗಿದ್ದರೂ ತಡವಾಯಿತೆಂದು ಬಿಡಬೇಡಿ.

ಇನ್ನು ಇಬ್ಬರು ಡಾಕ್ಟರ ವಿಷಯ. ಅವರಿಬ್ಬರಿಗೂ ಈ ಲಸಿಕೆಯ ಬಗ್ಗೆ ಭಿನ್ನಾಭಿಪ್ರಾಯ ಇರಲಿಕ್ಕಿಲ್ಲ. ಇಬ್ಬರನ್ನೂ ಕೂರಿಸಿ ಕೇಳಿದರೆ ಒಂದೇ ಉತ್ತರ ಬಂದೀತು. ಬೇರೆಯಾಗಿದ್ದು ಹೇಳಿದ ರೀತಿ. ಮಕ್ಕಳ ಫ್ಲೂ ಲಸಿಕೆಯ ವಿಷಯದಲ್ಲಿ ಈ ‘ಹೇಳುವ ರೀತಿ’ ಎಂಬುದು ನೀವಂದುಕೊಂಡಷ್ಟು ಸಣ್ಣ ಸಂಗತಿಯಲ್ಲ.

‘ಆಪ್ಷನಲ್’ ಎಂಬ ಪದವನ್ನೇ ನೋಡಿ. ಬರೆಯುವ ಡಾಕ್ಟರ ಮನಸ್ಸಿನಲ್ಲಿ ಅದಕ್ಕಿರುವ ಅರ್ಥ ಇಷ್ಟೆ: ಇದು ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ದುಡ್ಡು ನೀವು ಕೊಡಬೇಕು. ಓದುವ ತಾಯಿಗೆ ಅದು ಬೇರೆಯೇ ಆಗಿ ಕೇಳಿಸುತ್ತದೆ: ಇದು ಅಷ್ಟೇನೂ ಬೇಕಾಗಿಲ್ಲ. ಖರ್ಚು ಯಾರದು ಎಂಬ ಮಾತು, ಅಗತ್ಯ ಎಷ್ಟು ಎಂಬ ಮಾತಾಗಿ ಮನೆ ಸೇರುತ್ತದೆ. ಸರ್ಕಾರಿ ಪಟ್ಟಿಯಲ್ಲಿರುವ ಪೆಂಟಾವೇಲೆಂಟ್ (ಐದು ಕಾಯಿಲೆ ತಡೆಯುವ ಸೂಜಿ) ಮುಂದೆ ಯಾರೂ ಆಪ್ಷನಲ್ ಎಂದು ಬರೆಯುವುದಿಲ್ಲವಲ್ಲ.

ಈ ಪದಕ್ಕೆ ಹಳೆಯ ಬೇರೂ ಇದೆ. ನಮ್ಮ ದೇಶದ ಮಕ್ಕಳ ತಜ್ಞರ ಸಂಘ, ಅಂದರೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ (ಐಎಪಿ), ಹಿಂದೆ ಫ್ಲೂ ಲಸಿಕೆಯನ್ನು ಹೆಚ್ಚು ಅಪಾಯವಿರುವ ಮಕ್ಕಳಿಗೆ ಮಾತ್ರ ಹೇಳುತ್ತಿತ್ತು: ಆಸ್ತಮಾ, ಹುಟ್ಟಿನಿಂದ ಬಂದ ಹೃದಯದ ತೊಂದರೆ, ನೆಫ್ರೋಟಿಕ್ ಸಿಂಡ್ರೋಮ್ (ಮೂತ್ರಪಿಂಡದ ಒಂದು ಕಾಯಿಲೆ), ಮಧುಮೇಹ, ದೀರ್ಘಕಾಲ ಸ್ಟೆರಾಯ್ಡ್ ತೆಗೆದುಕೊಳ್ಳುವವರು, ಹೀಗೆ. ಈಗಿನ ವೇಳಾಪಟ್ಟಿ ಹಾಗಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಪ್ರತಿವರ್ಷ ಎನ್ನುತ್ತದೆ. ಐದು ದಾಟಿದ ಮೇಲೆ ಅಪಾಯದ ಗುಂಪಿನವರಿಗೆ ಮುಂದುವರಿಸಲು ಹೇಳುತ್ತದೆ. ಪಟ್ಟಿ ಬದಲಾಯಿತು, ಕೈಬರಹದ ರೂಢಿ ಹಾಗೇ ಉಳಿಯಿತು.

ಆಶಾ ಕಾರ್ಯಕರ್ತೆ ಹೇಳಿದ್ದು ನಿಜ. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಮಕ್ಕಳ ಫ್ಲೂ ಲಸಿಕೆ ಇಲ್ಲ. ಸರ್ಕಾರ ಕೊಡುವ ಲಸಿಕೆಗಳಿಗೆ ಆಶಾ ಮನೆಗೆ ಬಂದು ನೆನಪಿಸುತ್ತಾರೆ, ಅಂಗನವಾಡಿಯಲ್ಲಿ ವಿಚಾರಿಸುತ್ತಾರೆ, ಕಾರ್ಡಿನಲ್ಲಿ ಖಾಲಿ ಚೌಕ ಎದ್ದು ಕಾಣುತ್ತದೆ. ನಾಲ್ಕು ಕಡೆಯಿಂದ ಒತ್ತಾಸೆ. ಫ್ಲೂ ಲಸಿಕೆಗೆ ಇವು ಯಾವುದೂ ಇಲ್ಲ. ಇರುವುದು ಖಾಸಗಿ ಕ್ಲಿನಿಕ್ಕಿನ ಆ ಐದು ನಿಮಿಷ ಮಾತ್ರ. ಹಾಗಾಗಿ ನಮ್ಮಲ್ಲಿ ಡಾಕ್ಟರ ಮಾತು ಹಲವು ಕಾರಣಗಳಲ್ಲಿ ಒಂದಲ್ಲ. ಹೆಚ್ಚಿನ ಮನೆಗಳಲ್ಲಿ ಅದೊಂದೇ ಕಾರಣ.

ವೇಳಾಪಟ್ಟಿಯಲ್ಲಿ ಇನ್ನೊಂದು ಸಂದು ಇದೆ. ಸರ್ಕಾರಿ ಪಟ್ಟಿಯಂತೆ ಹದಿನಾಲ್ಕನೇ ವಾರದ ಸೂಜಿ ಆದ ಮೇಲೆ ಮುಂದಿನದು ಒಂಬತ್ತನೇ ತಿಂಗಳ ದಡಾರ–ರುಬೆಲ್ಲಾಕ್ಕೇ. ಫ್ಲೂ ಲಸಿಕೆ ಶುರುವಾಗಬೇಕಾದ ಆರು ಮತ್ತು ಏಳನೇ ತಿಂಗಳು ಸರಿಯಾಗಿ ಆ ಸಂದಿನಲ್ಲಿ ಬೀಳುತ್ತವೆ. ಹದಿನಾಲ್ಕನೇ ವಾರದಲ್ಲೇ ಯಾರಾದರೂ ‘ಆರು ತಿಂಗಳು ತುಂಬಿದ ವಾರ ಬನ್ನಿ’ ಎಂದು ದಿನಾಂಕ ಬರೆದುಕೊಡದಿದ್ದರೆ ಆ ವಯಸ್ಸಿನಲ್ಲಿ ಮಗುವನ್ನು ಲಸಿಕೆಗೆಂದು ಕ್ಲಿನಿಕ್ಕಿಗೆ ಕರೆತರುವ ಕಾರಣವೇ ಇಲ್ಲ. ಬಂದರೆ ನೆಗಡಿ–ಕೆಮ್ಮಿಗೆ ಬರುತ್ತಾರೆ. ಬಂದಾಗ ಏನಾಗುತ್ತದೆ? ‘ಆರಾಮಾದ ಮೇಲೆ ಬನ್ನಿ.’ ಆರಾಮಾದ ಮಗುವನ್ನು ಹೊತ್ತುಕೊಂಡು ಟೋಕನ್ ತೆಗೆದುಕೊಂಡು ಕೂರಲು ಯಾರು ಬರುತ್ತಾರೆ? ನಿಮಗೆ ಆದದ್ದೂ ಇದೇ.

ಇಲ್ಲೊಂದು ವಿಷಯ ಸ್ಪಷ್ಟವಾಗಿರಲಿ. ಸುರಿಯುವ ಮೂಗು, ಸಣ್ಣ ಕೆಮ್ಮು, ಮೈ ಸ್ವಲ್ಪ ಬೆಚ್ಚಗಿರುವುದು ಇವು ಫ್ಲೂ ಲಸಿಕೆಯನ್ನು ಮುಂದೂಡಲು ಕಾರಣಗಳಲ್ಲ. ಮುಂದೂಡುವುದು ಜೋರು ಜ್ವರವಿದ್ದಾಗ, ಉಸಿರಾಟದ ಕಷ್ಟವಿದ್ದಾಗ, ಮಗು ಸುಸ್ತಾಗಿ ಮಲಗಿರುವಾಗ. ಅಂಗನವಾಡಿ, ಪ್ಲೇಹೋಮಿಗೆ ಹೋಗುವ ಮಗುವಿನ ಮೂಗು ಪೂರ್ತಿ ಒಣಗುವ ದಿನಕ್ಕಾಗಿ ಕಾದರೆ ಯುಗಾದಿಯಿಂದ ದೀಪಾವಳಿವರೆಗೆ ಕಾಯಬೇಕಾದೀತು.

ಹೇಳುವ ರೀತಿಯ ಮೇಲೆ ಒಳ್ಳೆಯ ಅಧ್ಯಯನಗಳು ನಡೆದಿವೆ. ಅಮೆರಿಕದ ಸಿಯಾಟಲ್ ಸುತ್ತಮುತ್ತಲ ಮಕ್ಕಳ ಕ್ಲಿನಿಕ್ಕುಗಳಲ್ಲಿ ಡಾಕ್ಟರು ಮತ್ತು ಪೋಷಕರ ನಡುವಿನ 111 ಲಸಿಕೆ ಮಾತುಕತೆಗಳನ್ನು ವಿಡಿಯೊ ಮಾಡಿ, ಒಂದೊಂದು ವಾಕ್ಯವನ್ನೂ ಬಿಡಿಸಿ ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎಲ್ಲ ಲಸಿಕೆಗಳ ಬಗ್ಗೆ ನಡೆದ ಮಾತು ಅದು, ಫ್ಲೂ ಒಂದೇ ಅಲ್ಲ. ಡಾಕ್ಟರು ಮಾತು ತೆಗೆಯುವ ಬಗೆಯನ್ನು ಎರಡಾಗಿ ವಿಂಗಡಿಸಿದರು. ಒಂದು, ಹಾಕುವುದು ಸಹಜ ಎಂಬಂತೆ ಹೇಳುವುದು. ಇನ್ನೊಂದು, ತೀರ್ಮಾನವನ್ನು ಪೋಷಕರ ಮುಂದಿಟ್ಟು ‘ಏನು ಮಾಡೋಣ ಅಂತೀರಿ?’ ಎಂದು ಕೇಳುವುದು. ಎರಡನೆಯ ರೀತಿಯಲ್ಲಿ ಶುರು ಮಾಡಿದಾಗ ಪೋಷಕರು ಹಿಂಜರಿಯುವುದು ಬಹಳ ಹೆಚ್ಚಿತ್ತು. ಅದಕ್ಕಿಂತ ಕುತೂಹಲದ್ದು ಮುಂದಿನ ಭಾಗ. ಪೋಷಕರು ‘ಬೇಡ’ ಎಂದಾಗ ಅರ್ಧದಷ್ಟು ಡಾಕ್ಟರು ಅಲ್ಲಿಗೇ ಮಾತು ನಿಲ್ಲಿಸಿದರು. ಉಳಿದರ್ಧ ಡಾಕ್ಟರು ಬಿಡದೆ, ‘ಇದು ಮಗುವಿಗೆ ನಿಜಕ್ಕೂ ಬೇಕು’ ಎಂಬಂಥ ಇನ್ನೊಂದು ಮಾತು ಸೇರಿಸಿದರು. ಆಗ ಮೊದಲು ಬೇಡ ಎಂದಿದ್ದವರಲ್ಲಿ ಶೇ 47ರಷ್ಟು ಮಂದಿ ಒಪ್ಪಿದರು. ಮೊದಲ ‘ಬೇಡ’ ಎಂಬುದು ಅನೇಕ ಸಲ ತೀರ್ಮಾನವಲ್ಲ, ಇನ್ನೂ ಬಾಯಿಗೆ ಬಾರದ ಪ್ರಶ್ನೆ.

ನಮ್ಮ ಕ್ಲಿನಿಕ್ಕಿಗೆ ಇದನ್ನು ತಂದು ನೋಡೋಣ. ಡಾಕ್ಟರು ತಲೆ ಎತ್ತದೆ ಬರೆಯುತ್ತಾ, ‘ಫ್ಲೂ ವ್ಯಾಕ್ಸಿನ್ ಅಂತ ಒಂದಿದೆ, ಹಾಕಿಸ್ತೀರಾ? ಎರಡು ಸಾವಿರ ಆಗುತ್ತೆ’ ಎಂದರೆ, ಕೇಳಿಸಿಕೊಂಡವರಿಗೆ ಕಾಯಿಲೆ ಯಾವುದು, ಯಾಕೆ ಈಗ, ಒಂದೂ ತಿಳಿಯದೆ ಬೆಲೆ ಮಾತ್ರ ಕಿವಿಗೆ ಬೀಳುತ್ತದೆ. ‘ಮನೇಲಿ ಕೇಳಿ ಹೇಳ್ತೀವಿ ಸರ್’ ಎಂದು ಎದ್ದು ಹೋಗುತ್ತಾರೆ. ಅದೇ ಮಾತನ್ನು ಹೀಗೆ ಹೇಳಿದರೆ: ‘ಪಾಪುಗೆ ಆರು ತಿಂಗಳಾಯ್ತಲ್ಲಮ್ಮ, ಇನ್ನು ಮಳೆಗಾಲ. ಎರಡು ವರ್ಷದೊಳಗಿನ ಮಕ್ಕಳಿಗೆ ಫ್ಲೂ ಬಂದ್ರೆ ಎದೆಗೆ ಇಳಿದು ಅಡ್ಮಿಟ್ ಆಗೋದು ಜಾಸ್ತಿ. ಅದಕ್ಕೇ ಇವತ್ತೊಂದು ಸೂಜಿ, ಒಂದು ತಿಂಗಳಿಗೆ ಇನ್ನೊಂದು. ಸರ್ಕಾರಿಯಲ್ಲಿ ಇದು ಸಿಗಲ್ಲ, ಒಂದಕ್ಕೆ ಇಷ್ಟು ಆಗುತ್ತೆ. ಏನಾದ್ರೂ ಅನುಮಾನ ಇದ್ರೆ ಕೇಳಿ.’ ಅರ್ಧ ನಿಮಿಷದ ಮಾತು. ಬೆಲೆ ಇಲ್ಲೂ ಇದೆ, ಆದರೆ ಕಾರಣದ ಹಿಂದೆ ನಿಂತಿದೆ.

ಸಿಯಾಟಲ್‌ನಲ್ಲಿ ಕಂಡದ್ದನ್ನು ದಾವಣಗೆರೆಗೆ ಇದ್ದಕ್ಕಿದ್ದ ಹಾಗೆ ಎತ್ತಿಕೊಂಡು ಬರಲಾಗದು ಎಂಬುದನ್ನೂ ಹೇಳಬೇಕು. ಅಲ್ಲಿ ಮಕ್ಕಳ ಲಸಿಕೆಯ ಖರ್ಚು ವಿಮೆಯಿಂದಲೋ ಸರ್ಕಾರದಿಂದಲೋ ಬರುತ್ತದೆ. ‘ಇವತ್ತು ಹಾಕ್ತೀವಿ’ ಎನ್ನುವ ಡಾಕ್ಟರು ಪೋಷಕರ ಜೇಬಿಗೆ ಕೈ ಹಾಕಿದಂತಾಗುವುದಿಲ್ಲ. ಇಲ್ಲಿ ಬ್ರ್ಯಾಂಡ್ ಮೇಲೆ ಒಂದು ಡೋಸಿಗೆ ಸುಮಾರು ಒಂದೂವರೆಯಿಂದ ಎರಡೂವರೆ ಸಾವಿರ. ಮೊದಲ ವರ್ಷ ಎರಡು ಡೋಸ್. ಮನೆಯಲ್ಲಿ ಇಬ್ಬರು ಚಿಕ್ಕವರಿದ್ದರೆ ಅದರ ದುಪ್ಪಟ್ಟು. ಬೆಲೆ ಹೇಳದೆ ಸೂಜಿ ಹಾಕಿ ಆಮೇಲೆ ಬಿಲ್ ಕೊಡುವುದು ಸಲಹೆಯಲ್ಲ, ಸಿಕ್ಕಿಸುವುದು. ಅಂಥ ಕಡೆ ಒಮ್ಮೆ ಕೈ ಸುಟ್ಟುಕೊಂಡ ಕುಟುಂಬ ಮುಂದಿನ ವರ್ಷ ಆ ಬಾಗಿಲಿಗೆ ಬರುವುದಿಲ್ಲ.

ನಿಮ್ಮ ಮನೆಯವರ ‘ದುಡ್ಡು ಮಾಡೋ ದಾರಿ’ ಎಂಬ ಮಾತನ್ನು ತಳ್ಳಿಹಾಕುವುದೂ ಸರಿಯಲ್ಲ. ಪೆಟ್ಟಿಗೆಯ ಮೇಲಿನ ಎಂಆರ್‌ಪಿಗೂ ಕ್ಲಿನಿಕ್ ಕೊಳ್ಳುವ ಬೆಲೆಗೂ ಅಂತರವಿರುತ್ತದೆ. ಎಲ್ಲ ಖಾಸಗಿ ಲಸಿಕೆಗಳಲ್ಲೂ ಇರುತ್ತದೆ. ಆದರೆ ವ್ಯಾಪಾರವಿದೆ ಎಂದ ಮಾತ್ರಕ್ಕೆ ಲಸಿಕೆ ಬೇಡವಾಗುವುದಿಲ್ಲ. ಪರೀಕ್ಷಿಸಲು ದಾರಿಯಿದೆ: ಸಲಹೆ ಐಎಪಿ ವೇಳಾಪಟ್ಟಿಗೆ ಹೊಂದುತ್ತದೆಯೇ ನೋಡಿ, ‘ಬೇರೆ ಕಡೆಯಿಂದ ತಂದುಕೊಟ್ಟರೆ ಹಾಕ್ತೀರಾ?’ ಎಂದು ಕೇಳಿ. ಕೆಲವರು ಒಪ್ಪುತ್ತಾರೆ. ಒಪ್ಪದವರೆಲ್ಲ ದುಡ್ಡಿಗಾಗಿ ಒಪ್ಪುವುದಿಲ್ಲ ಎಂದೂ ಅಲ್ಲ: ಫ್ಲೂ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ಮೆಡಿಕಲ್ ಶಾಪಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಬೈಕಿಗೆ ತೂಗುಹಾಕಿಕೊಂಡು ತಂದದ್ದನ್ನು ಯಾವ ಡಾಕ್ಟರು ನಂಬಿಯಾರು? ತರಲೇಬೇಕಾದರೆ ಥರ್ಮೋಕೋಲ್ ಡಬ್ಬಿ, ಜೆಲ್ ಪ್ಯಾಕ್, ಪ್ಯಾಕಿಗೂ ಲಸಿಕೆಯ ಪೆಟ್ಟಿಗೆಗೂ ನಡುವೆ ದಪ್ಪ ಕಾಗದ ಅಥವಾ ಬಟ್ಟೆ. ಐಸಿನ ಮೇಲೆ ನೇರ ಇಡಬಾರದು. ತಂಪು ಹೆಚ್ಚಾದರೂ ಲಸಿಕೆ ಕೆಡುತ್ತದೆ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ.

ಸಣ್ಣ ಊರುಗಳ ಡಾಕ್ಟರು ದನಿ ತಗ್ಗಿಸಿ ಹೇಳುವುದಕ್ಕೂ ಈ ಫ್ರಿಜ್ಜಿಗೂ ನಂಟಿದೆ. ಬೇರೆ ಲಸಿಕೆ ಈ ವರ್ಷ ಉಳಿದರೆ ಮುಂದಿನ ವರ್ಷ ಬಳಸಬಹುದು. ಫ್ಲೂ ಲಸಿಕೆ ಹಂಗಾಮಿನ ಸರಕು. ಫ್ಲೂ ವೈರಸ್ಸಿನ ತಳಿ ಬದಲಾಗುತ್ತಾ ಹೋಗುವುದರಿಂದ ಉಳಿದದ್ದು ಕಸ. ನಾಲ್ಕು ಮಂದಿ ಕೇಳುವ ಊರಿನಲ್ಲಿ ಇಪ್ಪತ್ತು ತರಿಸಿಟ್ಟರೆ ನಷ್ಟ. ಹಾಗಾಗಿ ತರಿಸುವುದಿಲ್ಲ, ಕೈಯಲ್ಲಿಲ್ಲದ್ದನ್ನು ಗಟ್ಟಿಯಾಗಿ ಹೇಳುವುದೂ ಇಲ್ಲ, ಹೇಳದ ಮೇಲೆ ಯಾರೂ ಕೇಳುವುದಿಲ್ಲ. ಹೋಗುವ ಎರಡು ದಿನ ಮೊದಲು ಫೋನ್ ಮಾಡಿ ‘ಇಬ್ಬರು ಮಕ್ಕಳಿಗೆ ಬೇಕು, ತರಿಸಿಡ್ತೀರಾ?’ ಎಂದು ಕೇಳಿದರೆ ಈ ಸುತ್ತು ಸುಲಭವಾಗಿ ಮುರಿಯುತ್ತದೆ.

ಈಗ ಅತ್ತೆಯವರ ಮಾತು. ‘ಔಷಧಿ ತಗೊಂಡ್ರೆ ಒಂದು ವಾರ, ತಗೊಳ್ಳದಿದ್ರೆ ಏಳು ದಿನ’ ಎಂಬುದು ನೆಗಡಿಗೆ ನೂರಕ್ಕೆ ನೂರು ಸತ್ಯ. ತೊಂದರೆ ಏನೆಂದರೆ ಕನ್ನಡದಲ್ಲಿ ನೆಗಡಿಗೂ ಇನ್‌ಫ್ಲುಯೆಂಝಾಕ್ಕೂ ನಾವು ಬೇರೆ ಬೇರೆ ಹೆಸರು ಬಳಸುವುದಿಲ್ಲ, ಎರಡೂ ‘ಶೀತ–ಜ್ವರ’. ಫ್ಲೂ ಬಂದ ಮಗು ಬೆಳಿಗ್ಗೆ ಆಡುತ್ತಿದ್ದದ್ದು ಸಂಜೆಗೆ 103 ಡಿಗ್ರಿ ಫ್ಯಾರನ್‌ಹೀಟ್ ಜ್ವರದಲ್ಲಿ ಮಲಗಬಹುದು. ಕಿವಿ ಸೋಂಕು, ನ್ಯುಮೋನಿಯಾ, ಜ್ವರದ ಸೆಳೆತ, ನೀರಿನಂಶ ಕಡಿಮೆಯಾಗುವುದು ಅದರ ಬೆನ್ನಿಗೆ ಬರುತ್ತವೆ. ಜಗತ್ತಿನಲ್ಲಿ 2018ರ ಒಂದೇ ವರ್ಷದಲ್ಲಿ ಐದು ವರ್ಷದೊಳಗಿನ ಸುಮಾರು 8 ಲಕ್ಷ 70 ಸಾವಿರ ಮಕ್ಕಳು ಫ್ಲೂವಿನಿಂದ ಶ್ವಾಸಕೋಶದ ಸೋಂಕಾಗಿ ಆಸ್ಪತ್ರೆ ಸೇರಿದರೆಂಬ ಅಂದಾಜಿದೆ. ನಮ್ಮಲ್ಲಿ ‘ಹಂದಿ ಜ್ವರ’ ಎಂದು ಎಲ್ಲರೂ ಹೆದರಿದ ಎಚ್1ಎನ್1 ಇದೇ ಫ್ಲೂವಿನ ಒಂದು ತಳಿ. 2015ರಲ್ಲಿ ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಪ್ರಕರಣ, ಹತ್ತಿರಹತ್ತಿರ 3 ಸಾವಿರ ಸಾವು ದಾಖಲಾದವು. ಅತ್ತೆಗೆ ‘ನೆಗಡಿ ಸೂಜಿ’ ಅನ್ನುವ ಬದಲು ‘ಹಂದಿ ಜ್ವರದ ಸೂಜಿ’ ಎಂದು ಹೇಳಿ ನೋಡಿ. ಸುಳ್ಳೂ ಅಲ್ಲ, ಆ ತಳಿ ಈ ಲಸಿಕೆಯಲ್ಲಿದೆ. ಡಾಕ್ಟರೂ ಮಗುವಿನ ಜೊತೆ ಬಂದ ಅಜ್ಜಿಯನ್ನು ಬಿಟ್ಟು ತಾಯಿಯೊಬ್ಬಳಿಗೇ ಹೇಳಿ ಕಳಿಸಿದರೆ ಆ ಸಲಹೆ ಮನೆಯ ಹೊಸ್ತಿಲು ದಾಟುವುದು ಕಷ್ಟ.

ಆದರೂ ಲಸಿಕೆ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಉಬ್ಬಿಸಿ ಹೇಳಬಾರದು. ಲಸಿಕೆಯಲ್ಲಿರುವ ತಳಿ ಹರಡುತ್ತಿರುವ ತಳಿಗೆ ಚೆನ್ನಾಗಿ ಹೊಂದಿದ ವರ್ಷ ಡಾಕ್ಟರ ಹತ್ತಿರ ಹೋಗಬೇಕಾಗುವಷ್ಟು ಫ್ಲೂವನ್ನು ಸುಮಾರು ಶೇ 40ರಿಂದ 60ರಷ್ಟು ಕಡಿಮೆ ಮಾಡುತ್ತದೆ. ನಮ್ಮ ದೇಶದ್ದೇ ಲೆಕ್ಕ ಬೇಕೆಂದರೆ ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಆರು ತಿಂಗಳಿಂದ ಹತ್ತು ವರ್ಷದ ಮಕ್ಕಳ ಮೇಲೆ ಮೂರು ವರ್ಷ ನಡೆದ ಪ್ರಯೋಗವಿದೆ. ಅರ್ಧ ಮನೆಗಳ ಮಕ್ಕಳಿಗೆ ಫ್ಲೂ ಲಸಿಕೆ, ಉಳಿದರ್ಧಕ್ಕೆ ಪೋಲಿಯೊ ಸೂಜಿ. ಮೊದಲ ವರ್ಷ ರಕ್ಷಣೆ ಸುಮಾರು ಶೇ 26, ಎರಡನೇ ವರ್ಷ 41, ಮೂರನೇ ವರ್ಷ 59. ಆ ಮೊದಲ ವರ್ಷ 2009ರ ಹೊಸ ಎಚ್1ಎನ್1 ಬಂದ ವರ್ಷ. ಲಸಿಕೆಯಲ್ಲಿ ಆ ತಳಿ ಇರಲಿಲ್ಲ. ವರ್ಷದಿಂದ ವರ್ಷಕ್ಕೆ ಏರಿಳಿತ ಇದ್ದೇ ಇರುತ್ತದೆ.

ಮಕ್ಕಳಿಗೆ ಜ್ವರ ತರುವ ವೈರಸ್ಸುಗಳು ಹತ್ತಾರು. ಆರ್‌ಎಸ್‌ವಿ, ಅಡಿನೋ, ರೈನೋ ಇವುಗಳ ಮೇಲೆ ಈ ಲಸಿಕೆಗೆ ಯಾವ ಹಿಡಿತವೂ ಇಲ್ಲ. ಸೂಜಿ ಹಾಕುವ ದಿನವೇ ಡಾಕ್ಟರು ಈ ಎರಡು ವಾಕ್ಯ ಹೇಳಬೇಕು: ‘ನೆಗಡಿ ಬರ್ತಾನೇ ಇರುತ್ತೆ. ಇದು ದೊಡ್ಡ ಜ್ವರಕ್ಕೆ, ಅಡ್ಮಿಟ್ ಆಗೋದು ತಪ್ಪಿಸೋಕೆ.’ ಇದನ್ನು ಹೇಳದೆ ‘ಇನ್ನು ಮಗು ಆರಾಮಾಗಿರುತ್ತೆ’ ಎಂದು ಕಳಿಸಿದರೆ ಮೂರನೇ ವಾರಕ್ಕೆ ಮೂಗು ಸೋರಿದಾಗ ಲಸಿಕೆಯ ಮೇಲಿನ ನಂಬಿಕೆಯೂ ಸೋರಿಹೋಗುತ್ತದೆ. ಎರಡನೇ ಡೋಸಿಗೆ ಬಾರದವರಲ್ಲಿ ಇಂಥವರು ಬಹಳ. ಇನ್ನು ‘ಸೂಜಿಯಿಂದಲೇ ಫ್ಲೂ ಬಂತು’ ಎಂಬುದು ಆಗದ ಮಾತು. ಚುಚ್ಚುವ ಲಸಿಕೆಯಲ್ಲಿರುವುದು ಸತ್ತ ವೈರಸ್ಸಿನ ತುಣುಕು. ಸೂಜಿ ಹಾಕಿದ ಜಾಗದ ನೋವು, ಒಂದೆರಡು ದಿನದ ಸಣ್ಣ ಜ್ವರ ಬರಬಹುದು.

ಎರಡನೇ ಡೋಸ್ ಯಾಕೆ ಎಂಬುದನ್ನು ಬಹಳ ಕಡೆ ವಿವರಿಸುವುದೇ ಇಲ್ಲ. ಫ್ಲೂ ವೈರಸ್ಸನ್ನು ಎಂದೂ ನೋಡದ ಪುಟ್ಟ ಮಗುವಿನ ದೇಹಕ್ಕೆ ಮೊದಲ ಡೋಸ್ ಪರಿಚಯ ಮಾತ್ರ. ಗಟ್ಟಿ ರಕ್ಷಣೆ ಹುಟ್ಟುವುದು ಎರಡನೆಯದರ ನಂತರ, ಅದೂ ಸುಮಾರು ಎರಡು ವಾರ ಬಿಟ್ಟು. ಅಂದರೆ ಮೊದಲ ಸೂಜಿಯಿಂದ ಆರು ವಾರ. ಒಂಬತ್ತು ವರ್ಷದೊಳಗೆ ಮೊದಲ ಬಾರಿ ಹಾಕಿಸುವ ಎಲ್ಲ ಮಕ್ಕಳಿಗೂ ಈ ನಿಯಮ. ಮುಂದಿನ ವರ್ಷದಿಂದ ಒಂದೇ ಸಾಕು. ಎರಡನೆಯದು ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನೆನಪಾದ ದಿನ ಹಾಕಿಸಿ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಫ್ಲೂ ತಳಿಯ ಸುದ್ದಿ ಟಿವಿಯಲ್ಲಿ ಓಡಿದಾಗ ಜನ ಲಸಿಕೆ ಕೇಳಿಕೊಂಡು ಬಂದರು. ಸುದ್ದಿ ಬಂದ ಮೇಲೆ ಶುರು ಮಾಡಿದರೆ ಈ ಆರು ವಾರ ಎಲ್ಲಿಂದ ತರುವುದು?

ನಮ್ಮ ಕಡೆ ಫ್ಲೂ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್ ಒಂದು, ಮಳೆಗಾಲ ಮತ್ತು ಅದರ ಬೆನ್ನಿಗೆ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ ತಳಿಗಳನ್ನು ಆರಿಸುತ್ತದೆ: ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧಗೋಳಕ್ಕೆ, ಫೆಬ್ರುವರಿಯಲ್ಲಿ ಉತ್ತರಾರ್ಧಗೋಳಕ್ಕೆ. ಭೂಪಟದಲ್ಲಿ ನಾವು ಉತ್ತರದವರಾದರೂ ಮಳೆಗಾಲದ ಮುಂಚೆ, ಏಪ್ರಿಲ್–ಮೇ ಹೊತ್ತಿಗೆ, ಕೈಗೆ ಸಿಗುವ ಹೊಸ ಲಸಿಕೆ ದಕ್ಷಿಣದ್ದು. ಯಾವುದು ತೀರಾ ಇತ್ತೀಚಿನದೋ ಅದನ್ನು ಹಾಕಿಸಿ.

ಇದನ್ನು ನೀವೇ ನೋಡಿಕೊಳ್ಳಬಹುದು. ಸೂಜಿ ತುಂಬುವ ಮುಂಚೆ ಪೆಟ್ಟಿಗೆ ತೋರಿಸಿ ಎನ್ನಿ. ಒಂದು ಬದಿಯಲ್ಲಿ ತಳಿಗಳ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ಉದಾಹರಣೆಗೆ 2025ರ ಲಸಿಕೆಗಳಲ್ಲಿ ‘ಎ/ಕ್ರೊಯೇಷಿಯಾ/10136ಆರ್‌ವಿ/2023 (ಎಚ್3ಎನ್2)’ ಎಂಬುದಿತ್ತು. ಎ ಎಂದರೆ ವೈರಸ್ಸಿನ ಗುಂಪು, ಕ್ರೊಯೇಷಿಯಾ ಅದು ಸಿಕ್ಕ ದೇಶ, ಆಮೇಲಿನದು ಪ್ರಯೋಗಾಲಯದ ಸಂಖ್ಯೆ, ಕೊನೆಯದು ಸಿಕ್ಕ ವರ್ಷ. ಅದರ ಹತ್ತಿರವೇ ಯಾವ ಹಂಗಾಮಿಗೆ ಎಂದೂ ಇರುತ್ತದೆ. ‘ಎಕ್ಸ್‌ಪೈರಿ ಇನ್ನೂ ಇದೆಯಲ್ಲ’ ಎಂಬುದಷ್ಟೇ ಸಾಲದು. ಕಳೆದ ಹಂಗಾಮಿನ ಪೆಟ್ಟಿಗೆಗೆ ಅವಧಿ ಉಳಿದಿದ್ದರೂ ತಳಿ ಹಳತಾಗಿರಬಹುದು. ಮೂರು ತಳಿಯದೋ ನಾಲ್ಕು ತಳಿಯದೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕನೆಯದಾದ ಬಿ/ಯಮಗಾಟಾ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಖಚಿತವಾಗಿ ಎಲ್ಲೂ ಸಿಕ್ಕಿಲ್ಲ. ಅದನ್ನು ಬಿಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ.

ಪ್ರಮಾಣದ ಬಗ್ಗೆ ಗೊಂದಲವಾಗುವುದುಂಟು. ಮೂರು ವರ್ಷದೊಳಗಿನವರಿಗೆ ಹಿಂದೆ 0.25 ಮಿಲಿ ಕೊಡುತ್ತಿದ್ದರು. ಈಗಿನ ಹಲವು ಲಸಿಕೆಗಳಿಗೆ ಆರು ತಿಂಗಳಿಂದಲೇ 0.5 ಮಿಲಿ. ಯಾವ ಲಸಿಕೆಗೆ ಎಷ್ಟು ಎಂಬುದು ಅದರ ಒಳಗಿನ ಚೀಟಿಯಲ್ಲಿರುತ್ತದೆ. ಪೂರ್ತಿ ಕೊಡಬೇಕಾದದ್ದರಲ್ಲಿ ‘ಚಿಕ್ಕ ಮಗು ಅಲ್ವಾ’ ಎಂದು ಅರ್ಧ ಕೊಟ್ಟರೆ ಅದು ಡೋಸ್ ಅಲ್ಲ. ನಿಮ್ಮ ಮಗುವಿಗೆ ತೊಡೆಯ ಹೊರಬದಿಗೆ ಹಾಕುತ್ತಾರೆ, ಬೆಳೆದ ಮಕ್ಕಳಿಗೆ ತೋಳಿಗೆ. ಬೇರೆ ಲಸಿಕೆಯ ಜೊತೆಗೇ ಅದೇ ದಿನ ಹಾಕಬಹುದು, ಇನ್ನೊಂದು ಕಾಲಿಗೆ. ಮಗುವಿಗೆ ಹಿಂದೆ ಜ್ವರದ ಸೆಳೆತ ಬಂದಿದ್ದರೆ ಮಾತ್ರ ಮೊದಲೇ ಹೇಳಿ: ನ್ಯುಮೋಕಾಕಲ್ ಲಸಿಕೆಯ (ಪಿಸಿವಿ) ಜೊತೆ ಒಂದೇ ದಿನ ಕೊಟ್ಟಾಗ ಎರಡು ವರ್ಷದೊಳಗಿನವರಲ್ಲಿ ಜ್ವರದ ಸೆಳೆತದ ಸಾಧ್ಯತೆ ಅಲ್ಪ ಹೆಚ್ಚುತ್ತದೆ. ಮೊಟ್ಟೆ ಅಲರ್ಜಿ ಈಗ ಅಡ್ಡಿಯಲ್ಲ. ಹಿಂದಿನ ಫ್ಲೂ ಲಸಿಕೆಗೇ ಮೈಯೆಲ್ಲ ಊದಿ ಉಸಿರು ಕಟ್ಟಿದ್ದರೆ ಅದು ನಿಜವಾದ ಅಡ್ಡಿ. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತು ಬನ್ನಿ. ಪ್ಯಾರಾಸಿಟಮಾಲ್ ಮುಂಚಿತವಾಗಿ ಕೊಡಬೇಡಿ; ಜ್ವರ ಬಂದರೆ ತೂಕಕ್ಕೆ ತಕ್ಕ ಪ್ರಮಾಣ ಎಷ್ಟೆಂದು ಅಂದೇ ಬರೆಸಿಕೊಳ್ಳಿ, ಯಾಕೆಂದರೆ ಡ್ರಾಪ್ಸ್ ಸಿರಪ್ಪಿಗಿಂತ ಹಲವು ಪಟ್ಟು ಗಾಢ.

ಇನ್ನೊಂದು ಎಡವಟ್ಟು ಹೇಳದಿದ್ದರೆ ಉತ್ತರ ಮುಗಿಯದು. ಪೆಂಟಾವೇಲೆಂಟ್ ಲಸಿಕೆಯಲ್ಲಿ ‘ಹಿಬ್’ ಇದೆ. ಬಿಡಿಸಿ ಹೇಳಿದರೆ ಹಿಮೋಫಿಲಸ್ ಇನ್‌ಫ್ಲುಯೆಂಝೆ ಬಿ. ಪುಸ್ತಕದಲ್ಲಿ ಈ ಹೆಸರು ನೋಡಿ ‘ಇನ್‌ಫ್ಲುಯೆಂಝಾ ಆಗಲೇ ಮೂರು ಸಲ ಆಗಿದೆ’ ಎಂದುಕೊಳ್ಳುವ ಪೋಷಕರಿದ್ದಾರೆ. ಅದು ಬ್ಯಾಕ್ಟೀರಿಯಾ, ಮಿದುಳು ಜ್ವರ ತರುವಂಥದು. ಫ್ಲೂ ವೈರಸ್ಸಿಗೂ ಅದಕ್ಕೂ ಸಂಬಂಧವೇ ಇಲ್ಲ. 1892ರ ಹೊತ್ತಿಗೆ ಜರ್ಮನಿಯ ರಿಚರ್ಡ್ ಫೈಫರ್ ಫ್ಲೂ ರೋಗಿಗಳಲ್ಲಿ ಇದನ್ನು ಕಂಡು ಇದೇ ಕಾರಣವೆಂದುಕೊಂಡರು. ಮನುಷ್ಯರ ಫ್ಲೂ ವೈರಸ್ ಸಿಕ್ಕಿದ್ದು 1933ರಲ್ಲಿ. ತಪ್ಪು ತಿಳಿವಳಿಕೆ ಹೋಯಿತು, ಹೆಸರು ನಿಂತಿತು. ನಿಮ್ಮ ಪುಸ್ತಕದಲ್ಲೂ ಒಮ್ಮೆ ನೋಡಿಕೊಳ್ಳಿ.

ಅಪಾಯದ ಗುಂಪಿನ ಮಕ್ಕಳಿಗೆ ಮಾತ್ರ ಸಾಕಲ್ಲವೇ ಎಂಬ ಪ್ರಶ್ನೆ ಡಾಕ್ಟರಲ್ಲೂ ಇದೆ. ಅಮೆರಿಕದಲ್ಲಿ 2024–25ರ ಹಂಗಾಮಿನಲ್ಲಿ ಫ್ಲೂವಿನಿಂದ ಕನಿಷ್ಠ 280 ಮಕ್ಕಳು ತೀರಿಕೊಂಡರು. ಅರ್ಧಕ್ಕೆ ಹತ್ತಿರದಷ್ಟು ಮಕ್ಕಳಿಗೆ ಮೊದಲಿನಿಂದ ಯಾವ ಕಾಯಿಲೆಯೂ ಇರಲಿಲ್ಲ. ಲಸಿಕೆಯ ದಾಖಲೆ ಸಿಕ್ಕ ಅರ್ಹ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಆ ವರ್ಷದ ಡೋಸ್ ಪೂರ್ತಿ ಆಗಿರಲಿಲ್ಲ. ಆದರೂ ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಆದ್ಯತೆ ಹೀಗೆ: ಆಸ್ತಮಾ ಅಥವಾ ಹೃದಯದ ತೊಂದರೆಯ ಮಗು ಮೊದಲು, ಆಮೇಲೆ ಎರಡು ವರ್ಷದೊಳಗಿನದು, ಆಮೇಲೆ ಐದರವರೆಗಿನದು. ಆರು ತಿಂಗಳೊಳಗಿನ ಕೂಸಿಗೆ ಈ ಲಸಿಕೆಯೇ ಇಲ್ಲ; ಅದಕ್ಕೆ ರಕ್ಷಣೆ ಬರುವುದು ತಾಯಿ ಬಸುರಿಯಲ್ಲಿ ಹಾಕಿಸಿಕೊಂಡ ಲಸಿಕೆಯಿಂದ. ಅದನ್ನು ಹೇಳಬೇಕಾದವರು ಹೆರಿಗೆ ಡಾಕ್ಟರು, ಅವರೂ ಮರೆಯುವುದೇ ಹೆಚ್ಚು.

ನಿಮ್ಮ ಡಾಕ್ಟರ ಹತ್ತಿರ ಮತ್ತೆ ಹೋಗಿ. ಡಾಕ್ಟರನ್ನು ಬದಲಿಸುವ ಅಗತ್ಯವಿಲ್ಲ. ‘ಆಪ್ಷನಲ್ ಅಂತ ಬರೆದಿದ್ದೀರಿ. ನಿಮ್ಮ ಮನೆ ಮಗುವಿಗಾದ್ರೆ ಹಾಕಿಸ್ತೀರಾ ಸರ್?’ ಎಂದು ಕೇಳಿ. ಈ ಒಂದು ಪ್ರಶ್ನೆಗೆ ಹೆಚ್ಚಿನ ಡಾಕ್ಟರು ಪೆನ್ನು ಕೆಳಗಿಟ್ಟು ನೇರ ಉತ್ತರ ಕೊಡುತ್ತಾರೆ. ಮಗುವಿಗೆ ಏಳೂವರೆ ತಿಂಗಳು; ಈ ವಾರ ಒಂದು ಆದರೆ ಎಂಟೂವರೆಗೆ ಎರಡನೆಯದು. ಒಂಬತ್ತರ ದಡಾರ–ರುಬೆಲ್ಲಾಕ್ಕೆ ಇದರಿಂದ ಅಡ್ಡಿಯಿಲ್ಲ. ಹೊರಡುವ ಮುಂಚೆ ಪುಸ್ತಕದಲ್ಲಿ ಇಂದಿನ ದಿನಾಂಕ, ಲಸಿಕೆಯ ಹೆಸರು, ಬ್ಯಾಚ್ ನಂಬರ್, ಎಷ್ಟು ಮಿಲಿ ಎಂಬುದನ್ನು ಬರೆಸಿ, ಅದರ ಕೆಳಗೆ 28 ದಿನ ಬಿಟ್ಟು ಬರುವ ದಿನಾಂಕವನ್ನು ಡಾಕ್ಟರ ಕೈಯಲ್ಲೇ ಹಾಕಿಸಿಕೊಳ್ಳಿ.